ಅವ್ವನ ಹತ್ತು ಉಗುರು

ವಾದದಲ್ಲಿ ಗೆಲ್ಲುವವರ ಜೊತೆ ಬಾಳುವುದು ಎಷ್ಟು ಕಷ್ಟ ಎಂಬುದು ಗೆಲ್ಲುವವರಿಗೆ ಮಾತ್ರ ಗೊತ್ತಿರುವುದಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದ ಬೆಳ್ಳಿಬಣ್ಣದ ಕಪ್ಪೊಂದರಲ್ಲಿ ಅವ್ವ ಈಗ ಜೀರಿಗೆ ತುಂಬಿಟ್ಟಿದ್ದಾಳೆ. ಬೆಕ್ಕು ಅಡ್ಡ ಬರಲಿ, ಎಡಗಣ್ಣು ಅದುರಲಿ, ಯಾರು ಏನೇ ಹೇಳಲಿ, "ಪುರಾವೆ ಏನು?" ಎನ್ನುವುದು ನನ್ನ ಚಟ. ರಾಮನಾಥಪುರದ ನಮ್ಮ ಬೀದಿಯಲ್ಲಿ ನನ್ನೊಡನೆ ಮಾತಿಗೆ ನಿಲ್ಲುವವರೇ ಕಡಿಮೆಯಾದರು. ಅದನ್ನೂ ಗೆಲುವೆಂದೇ ಎಣಿಸಿಕೊಂಡಿದ್ದೆ.

ಅವ್ವನಿಗೆ ಎರಡು ತಿಂಗಳಿಂದ ತಲೆಸುತ್ತು. ಹಾಸನದಲ್ಲಿ ಎಂಆರ್‌ಐ ಮಾಡಿಸಿ ಎಂದರು ಡಾಕ್ಟರು. ಹೊರಡುವ ಹಿಂದಿನ ದಿನ ಅವ್ವ, ಜೀವಮಾನದಲ್ಲಿ ಮೊದಲ ಸಲ, ಉಗುರಿಗೆ ಬಣ್ಣ ಬಳಿದುಕೊಳ್ಳುತ್ತಿದ್ದ ನನ್ನ ಮುಂದೆ ಬೆರಳು ಚಾಚಿ, "ನಂಗೂ ಒಸಿ ಬಳಿಯೇ ಅದ್ನ" ಎಂದಳು. ನನಗೆ ಹೆಮ್ಮೆಯೋ ಹೆಮ್ಮೆ. ಐವತ್ತೈದರಲ್ಲಿ ಶೋಕಿ! ನನ್ನ ವಿಚಾರಗಳು ಕೊನೆಗೂ ಅಡುಗೆಮನೆ ತಲುಪಿದವಲ್ಲ ಅಂದುಕೊಂಡೆ. ಚನ್ನರಾಯಪಟ್ಟಣದ ಬಳೆ ಅಂಗಡಿಯಲ್ಲಿ ಕೊಂಡ ಕಡುಗೆಂಪು ಬಣ್ಣ. ಹಸಿಯಿರುವಾಗಲೇ ಅದರ ಜೊತೆ ಕೊಡುವ ಪುಟ್ಟ ಅಯಸ್ಕಾಂತವನ್ನು ಹತ್ತಿರ ಹಿಡಿದರೆ ಬೆಕ್ಕಿನ ಕಣ್ಣಿನಂಥ ಹೊಳಪಿನ ಗೆರೆ ಮೂಡುತ್ತದೆ. ಹತ್ತು ಉಗುರಿಗೂ ಹಿಡಿದೆ.

ಸ್ಕ್ಯಾನಿಂಗ್ ಕೋಣೆಯ ಹೊರಗೆ ಟೆಕ್ನಿಷಿಯನ್ ಓಲೆ, ತಾಳಿ, ಪಿನ್ನು ಎಲ್ಲ ಬಿಚ್ಚಿಸಿ, ಕೊನೆಗೆ "ಉಗುರಿನ ಬಣ್ಣಾನೂ ತೆಗೆಸಿ ಮೇಡಂ" ಎಂದ.

"ಬಣ್ಣಕ್ಕೂ ತಲೆಗೂ ಏನು ಸಂಬಂಧ ಸರ್? ಪುರಾವೆ ಏನು?"

"ಒಳಗಿರೋದು ದೊಡ್ಡ ಮ್ಯಾಗ್ನೆಟ್ಟು. ಕೆಲವು ಬಣ್ಣದಲ್ಲಿ ಲೋಹದ ಪುಡಿ ಇರ್ತದೆ, ಬಿಸಿ ಆಯ್ತದೆ."

"ಕೆಲವು ಅಂದ್ರಿ. ಇದರಲ್ಲಿದೆ ಅಂತ ಹೇಗೆ ಹೇಳ್ತೀರಿ?"

ಬೆಂಚಿನ ಮೇಲಿದ್ದ ರೋಗಿಗಳು ನನಗೆ ಸಭಿಕರಂತೆ ಕಂಡರು. ಐದು ನಿಮಿಷ ಬಿಡದೆ ಮಾತಾಡಿದೆ. ಇನ್ನೇನು ಗೆದ್ದೆ ಅನ್ನುವಾಗ ಅವ್ವ ತಲೆಯೆತ್ತಿ, "ಅಯಸ್ಕಾಂತ ಇಡ್ದು ಗೆರೆ ಎಳುದ್ಲು ಸಾ. ಒಳ್ಳೆ ಮ್ಯಾಜಿಕ್ ಇದ್ದಂಗಿತ್ತು" ಎಂದಳು.

"ಇನ್ನೇನ್ ಪುರಾವೆ ಬೇಕು ಮೇಡಂ?" ಎಂದ ಆತ.

ಮೆಡಿಕಲ್ ಸ್ಟೋರಿಗೆ ಓಡಿ ಬಣ್ಣ ತೆಗೆಯುವ ದ್ರವವನ್ನೂ ಹತ್ತಿಯನ್ನೂ ತಂದೆ. ಅಷ್ಟರಲ್ಲಿ ಅವ್ವ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಬಿಟ್ಟಿದ್ದಳು.

"ಸ್ಕ್ಯಾನೇ ಬ್ಯಾಡ ಕಣೇ, ನಡಿ ಓಗಾನ."

"ಯಾಕವ್ವಾ?"

"ದೊಡ್ಡ ಡಾಕ್ಟ್ರು ಕೈ ಇಡ್ದು ನೋಡ್ತಾರೆ. ಎಷ್ಟು ಉಜ್ಜುದ್ರೂ ಓಗಕಿಲ್ಲ ಇದು. ಏನಂದ್ಕಂಡಾರು?"

ಮೂವತ್ತು ವರ್ಷ ಹೊಗೆಸೊಪ್ಪು ಕಟ್ಟಿದ ಅಂಟು ಅವ್ವನ ಉಗುರುಗಳಲ್ಲಿ ಕಪ್ಪಾಗಿ ಕೂತಿದೆ. ಅದನ್ನು ಮುಚ್ಚಲು ಅವಳು ಬಣ್ಣ ಕೇಳಿದ್ದಳು. ಹಿಂದಿನ ದಿನ ಒಂದೊಂದೇ ಬೆರಳು ಹಿಡಿದು ಕೂತಿದ್ದ ನನಗೆ ಕಂಡದ್ದು ನನ್ನ ವಿಚಾರಗಳ ಗೆಲುವು ಮಾತ್ರ.

ದ್ರವದ ಮುಚ್ಚಳ ತೆಗೆದು, ಹತ್ತಿ ಹಿಡಿದು ಪಕ್ಕದಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಸೆರಗಿನಿಂದ ಒಂದು ಕೈ ತಾನಾಗಿ ಹೊರಬಂತು. ಒಂದೊಂದೇ ಉಗುರು ಒರೆಸಿದೆ. ಕೆಂಪು ಹೋಗಿ ಕಪ್ಪು ಬಂತು. ಆ ಕೈಗಳನ್ನು ಆಸ್ಪತ್ರೆಯಲ್ಲಿ ಯಾರೂ ನೋಡಲಿಲ್ಲ. ಎಲ್ಲರೂ ನೋಡಿದ್ದು ತಲೆಯ ಒಳಗನ್ನು.

ಮಧ್ಯಾಹ್ನ ಡಾಕ್ಟರು ಅವ್ವನನ್ನು ಹೊರಗೆ ಕೂರಿಸಿ ನನಗೆ ಹೇಳಿದರು: ಗಂಟಿದೆ, ತಿಂಗಳು ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿ ನೋಡೋಣ, ಆಪರೇಷನ್ ಮಾತು ಆಮೇಲೆ. ಪುರಾವೆ ಕೇಳುವ ಹಾಗಿರಲಿಲ್ಲ. ಸ್ಕ್ಯಾನಿನ ಫಿಲ್ಮನ್ನು ಗೋಡೆಯ ಬೆಳಕಿನ ಪೆಟ್ಟಿಗೆಯ ಮೇಲೆ ನೇತುಹಾಕಿದ್ದರು.

ಬಸ್ಸಿನಲ್ಲಿ ಕೂತ ಮೇಲೆ ಅವ್ವ ಕೇಳಿದಳು, "ಏನಂದ್ರೇ?"

"ಏನೂ ಇಲ್ವಂತೆ ಕಣವ್ವ."

"ಇನ್ನೊಂದ್ಸಲ ಆ ಮಿಷಿನ್ನೊಳಕ್ಕೆ ಓಗಂಗಿಲ್ವಾ?"

"ಇಲ್ಲ."

ಅವ್ವ ನನ್ನ ಮುಖವನ್ನೇ ನೋಡಿದಳು. ಆಮೇಲೆ ಹತ್ತು ಬೆರಳನ್ನೂ ನನ್ನ ತೊಡೆಯ ಮೇಲಿಟ್ಟು, "ಅಂಗಾದ್ರೆ ಬಳಿ ಮತ್ತೆ" ಎಂದಳು.

ಬಣ್ಣದ ಶೀಶೆ ನನ್ನ ಚೀಲದಲ್ಲೇ ಇತ್ತು. ಬಳಿದರೆ ಮುಂದಿನ ತಿಂಗಳು ಆ ಬೆಂಚಿನ ಮೇಲೆ ಕೂತು ನಾನೇ ಮತ್ತೆ ಒರೆಸಬೇಕು.

"ಬಸ್ಸು ಕುಲುಕ್ತದೆ ಕಣವ್ವ, ಚೆಲ್ಲೋಯ್ತದೆ" ಎಂದೆ.

ಬಸ್ಸು ಇನ್ನೂ ಹಾಸನದ ಸ್ಟ್ಯಾಂಡಿನಲ್ಲೇ ನಿಂತಿತ್ತು. ಡ್ರೈವರು ಟೀ ಕುಡಿಯಲು ಹೋಗಿದ್ದ.