ಸೋಮವಾರ ಕೈಕೊಡುವ ಕಂಪ್ಯೂಟರು

"ಇನ್ನು ಈ ಪ್ರಪಂಚದಲ್ಲಿ ಮಲೇರಿಯಾ ಉಳಿಯಲ್ಲ ಕಣೇ! ನಾನು ಟೊಂಕ ಕಟ್ಟಿದ್ದೀನಿ!"

ಸಹಕಾರ ಸಂಘದ ಗುಮಾಸ್ತ ಮಂಟೇಸ್ವಾಮಿ ಗುಂಡ್ಲುಪೇಟೆಯ ತನ್ನ ಮನೆಯ ಹೊಸ್ತಿಲ ಮೇಲೆ ನಿಂತು ಹೀಗೆ ಘೋಷಿಸಿದಾಗ, ಅವರೆಕಾಯಿ ಸುಲಿಯುತ್ತಿದ್ದ ಹೆಂಡತಿ ರಂಜಿನಿ, ಪುಣ್ಯಾತ್ಮ ಕೊನೆಗೂ ಸೊಳ್ಳೆಬತ್ತಿ ತಂದಿರಬೇಕು ಎಂದುಕೊಂಡಳು. ಆಟೋದಿಂದ ಇಳಿದದ್ದು ಕಂಪ್ಯೂಟರು! ಗೆಳೆಯ ಕಲಂದರ್ ತನ್ನ ಡಿಟಿಪಿ ಅಂಗಡಿಗೆ ಹೊಸದನ್ನು ತಂದು, ತಾಲ್ಲೂಕಿನ ಅರ್ಧದಷ್ಟು ಲಗ್ನಪತ್ರಿಕೆಗಳನ್ನು ತಯಾರಿಸಿ ದಣಿದಿದ್ದ ಹಳೆಯದನ್ನು ಇವನ ತಲೆಗೆ ಕಟ್ಟಿದ್ದ.

ವಿಷಯ ಇಷ್ಟೆ. ಹೊರದೇಶದ ವಿಜ್ಞಾನಿಗಳು ಮಲೇರಿಯಾಕ್ಕೆ ಔಷಧಿ ಹುಡುಕುವ ಮಹಾ ಲೆಕ್ಕವೊಂದನ್ನು ಚೂರು ಚೂರು ಮಾಡಿ, ಬೇಕೆಂದವರ ಮನೆಯ ಕಂಪ್ಯೂಟರುಗಳಿಗೆ ಇಂಟರ್‌ನೆಟ್ಟಿನಲ್ಲಿ ಹಂಚುತ್ತಾರೆ. ಗಡುವಿನೊಳಗೆ ಲೆಕ್ಕ ಮುಗಿಸಿ ಕಳಿಸಿದವರ ಹೆಸರು ಪ್ರಪಂಚದ ಪಟ್ಟಿಯಲ್ಲಿ ಬರುತ್ತದೆ. ಇದನ್ನು ಪೇಪರಿನಲ್ಲಿ ಓದಿದಂದಿನಿಂದ ಮಂಟೇಸ್ವಾಮಿಗೆ ನಿದ್ದೆ ಇಲ್ಲ. ಸಂಘದ ರಸಗೊಬ್ಬರದ ರಸೀದಿ ಬರೆದೂ ಬರೆದೂ ಸವೆದ ಹೆಸರು ಒಮ್ಮೆಯಾದರೂ ಲೋಕದ ಕಣ್ಣಿಗೆ ಬೀಳಬೇಡವೇ?

ಜಾಗ ಸಿಕ್ಕಿದ್ದು ನಡುಮನೆಯ ಕಿಟಕಿ ಪಕ್ಕ. ಅಲ್ಲಿದ್ದ ರಂಜಿನಿಯ ಹೊಲಿಗೆ ಮಿಶಿನ್ನು ಹಿತ್ತಿಲ ಜಗಲಿಗೆ ಗಡೀಪಾರಾಯಿತು.

"ಯುಗಾದಿವರ್ಗೂ ಟೈಮು," ಎಂದಳು ರಂಜಿನಿ. "ಅಷ್ಟ್ರೊಳಗೆ ಒಂದಾದ್ರೂ ಲೆಕ್ಕ ಮುಗುಸ್ಬೇಕು. ಇಲ್ದಿದ್ರೆ ನಿಮ್ ಡಬ್ಬ ಅಟ್ಟಕ್ಕೆ, ನನ್ ಮಿಶಿನ್ನು ಕಿಟಕಿಗೆ!"

"ಒಂದೇನು, ಹತ್ತು ಮುಗಿಸ್ತೀನಿ!" ಎಂದು ಮಂಟೇಸ್ವಾಮಿ ಮೀಸೆ ತಿರುವಿದ.

ಕಂಪ್ಯೂಟರು ಹಗಲಿರುಳೂ ಬುಸುಗುಟ್ಟುತ್ತಾ ದುಡಿಯಿತು. ಒಂದು ಲೆಕ್ಕಕ್ಕೆ ಅದಕ್ಕೆ ಪೂರಾ ಒಂದು ವಾರ ಬೇಕು. ಕರೆಂಟು ಹೋದರೂ ನಿಲ್ಲದಿರಲೆಂದು ಕಲಂದರ್ ಲಾರಿ ಬ್ಯಾಟರಿ ಕಟ್ಟಿದ ಯುಪಿಎಸ್ ಕೂರಿಸಿಕೊಟ್ಟ. ಬುಧವಾರ, ಗುರುವಾರ, ಶನಿವಾರ ಅಂಕಿ ಏರುತ್ತಿತ್ತು, ಮಂಟೇಸ್ವಾಮಿಯ ಎದೆಯೂ ಉಬ್ಬುತ್ತಿತ್ತು. ಆದರೆ ಸೋಮವಾರ ಸಂಜೆ ಆಫೀಸಿನಿಂದ ಬಂದು ನೋಡಿದರೆ ಸೊನ್ನೆ! ಅರ್ಧಂಬರ್ಧ ಲೆಕ್ಕ ಕೆಟ್ಟುಹೋಗಿ, ಯಂತ್ರ ಏನೂ ಅರಿಯದ ಮಗುವಿನಂತೆ ಮೊದಲಿನಿಂದ ಶುರು ಮಾಡಿರುತ್ತಿತ್ತು. ಮುಂದಿನ ಸೋಮವಾರವೂ ಹಾಗೇ. ಅದರ ಮುಂದಿನದೂ!

ಶುರುವಾಯಿತು ಚಿಕಿತ್ಸೆ. ಮಂಟೇಸ್ವಾಮಿ ಡಬ್ಬ ಬಿಚ್ಚಿ ಧೂಳು ಊದಿ, ತಾನೇ ಕೆಮ್ಮಿದ. ಮೆಮೊರಿ ಪಟ್ಟಿಯನ್ನು ರಬ್ಬರಿನಿಂದ ಉಜ್ಜಿದ. ಫ್ಯಾನಿಗೆ ಹೆಂಡತಿಯ ಹೊಲಿಗೆ ಮಿಶಿನ್ನಿನ ಎಣ್ಣೆಯನ್ನೇ ಕದ್ದು ಬಿಟ್ಟ. ಮನೆಯ ಒಂದೇ ಒಂದು ಟೇಬಲ್ ಫ್ಯಾನನ್ನು ಕಂಪ್ಯೂಟರಿನ ಮುಖಕ್ಕೆ ತಿರುಗಿಸಿದ.

"ವೈರಸ್ಸು ಅಣ್ಣಾ," ಎಂದ ಕಲಂದರ್, ತಿಳಿದವನಂತೆ ತಲೆ ಆಡಿಸಿ. "ವಾರಕ್ಕೊಂದ್ಸಲ ಏಳೋ ಜಾತಿ. ಬಲೇ ಕೆಟ್ಟದ್ದು!"

ಅದಕ್ಕೂ ಮದ್ದು ಹಾಕಿದ್ದಾಯಿತು. ಸೋಮವಾರ ಮತ್ತೆ ಸೊನ್ನೆ. ಯುಗಾದಿ ಹತ್ತಿರ ಬಂತು. ರಂಜಿನಿ ಟೇಪು ಹಿಡಿದು ಕಿಟಕಿಯ ಜಾಗ ಅಳೆಯತೊಡಗಿದಳು. ಕೊನೆಗೆ ಮಂಟೇಸ್ವಾಮಿ ಒಂದು ಸೋಮವಾರ ರಜೆ ಹಾಕಿ, ಆಫೀಸಿಗೆ ಹೊರಟಂತೆ ನಟಿಸಿ, ಹಿಂಬಾಗಿಲಿನಿಂದ ಬಂದು ಕೋಣೆಯ ಪರದೆಯ ಹಿಂದೆ ಕಾದು ಕುಳಿತ.

ಬಂದದ್ದು ವೈರಸ್ಸಲ್ಲ, ಹೆತ್ತ ತಾಯಿ! ಉಡಿಗಾಲ ಎಂಬ ಹಳ್ಳಿಯಲ್ಲಿ ಹುಟ್ಟಿ, ಬೇಸಾಯದ ಮನೆಯಲ್ಲೇ ಬೆಳೆದ ದೊಡ್ಡಮಲ್ಲಮ್ಮ ಸ್ನಾನ ಮುಗಿಸಿ ಬಂದು, ಡಬ್ಬಕ್ಕೆ ವಿಭೂತಿ ಹಚ್ಚಿ, ಅದರ ಬೆನ್ನು ಸವರಿ, ಯುಪಿಎಸ್ಸಿನ ಸ್ವಿಚ್ಚನ್ನು ಪಟ್ಟಂತ ಆರಿಸಿದರು.

"ಅವ್ವಾ! ಏನ್ ಮಾಡ್ಬುಟ್ಟೆ!"

"ಯಾಕ್ಲಾ ಇಂಗ್ ಬಡ್ಕತೀಯೆ? ಇವತ್ತು ಸ್ವಾಮಾರ ಅಲ್ವಾ? ಸ್ವಾಮಾರ ಯಾರಾರ ಎತ್ತಿಗೆ ನೊಗ ಕಟ್ಟರಾ? ಸಂದೇಗೆ ನೀ ಬರಾಕ್ ಮುಂಚೆ ತಿರ್ಗ ಆಕ್ತೀನಿ ಬುಡು, ವಾರ್ವಾರ್ವೂ ಆಕ್ತಿಲ್ವಾ?"

"ಇದು ಎತ್ತಲ್ಲ ಕಣವ್ವಾ, ಕಂಪ್ಯೂಟರು!"

"ಏನಾರ ಆಗ್ಲಿ. ಕಂಡೋರ ಕಾಯ್ಲೆ ವಾಸಿ ಮಾಡಕ್ಕೆ ಅಗ್ಲೂ ರಾತ್ರಿ ಗೇಯ್ತದೆ ಅಂತ ನೀನೇ ಏಳ್ದೆ. ಮುಟ್ಟುದ್ರೆ ಮೈಯೆಲ್ಲ ಸುಡ್ತದೆ. ಬಾಯಿಲ್ದ ಜೀವ! ಒಂದಿನ ಸುದಾರುಸ್ಕಬ್ಯಾಡ್ವಾ?"

ರೇಗಬೇಕೆಂದು ಬಾಯಿ ತೆರೆದ ಮಂಟೇಸ್ವಾಮಿಗೆ ರೇಗಲಾಗಲಿಲ್ಲ. ಅವ್ವನ ಕರುಣೆಯ ಮುಂದೆ ಅವನ ಮಲೇರಿಯಾ ನಿರ್ಮೂಲನೆ ಸಣ್ಣದಾಗಿ ಕಂಡಿತು. ಅಷ್ಟರಲ್ಲಿ ಹಿತ್ತಿಲಿನಿಂದ ಒದ್ದೆ ಕೈಯಲ್ಲಿ ರಂಜಿನಿ ಬಂದಳು.

"ಅಲ್ಲ ಅತ್ತೆ, ಎತ್ತಿಗೂ ರಜ, ಈ ಡಬ್ಬಕ್ಕೂ ರಜ. ನಾನು ಬಾಯಿರೋ ಜೀವ ಅಂತ ನಂಗ್ ಮಾತ್ರ ಇಲ್ವಾ?"

ದೊಡ್ಡಮಲ್ಲಮ್ಮ ಸೊಸೆಯನ್ನು ಅಂದೇ ಮೊದಲ ಸಲ ಕಂಡವರಂತೆ ನೋಡಿದರು. "ಅದೂ ದಿಟವೇ ಕಣಮ್ಮಿ," ಎಂದರು ಮೆಲ್ಲಗೆ.

ಮಂಟೇಸ್ವಾಮಿ ಬೆರಳು ಮಡಚಿದ. ಈಗ ಶುರು ಮಾಡಿದರೆ ಮುಂದಿನ ಸೋಮವಾರ ಸಂಜೆಗೆ ಮುಗಿಯುತ್ತದೆ, ಅದಾದ ಬುಧವಾರವೇ ಯುಗಾದಿ!

"ಅವ್ವಾ, ಬರೋ ಸ್ವಾಮಾರ ಒಂದು ಬುಟ್ಬುಡು! ನಿನ್ ಕಾಲಿಗ್ ಬೀಳ್ತೀನಿ!"

"ಸ್ವಾಮಾರ ಮನೇಲಿ ಒಂದಾರ ಜೀವ ಸುದಾರುಸ್ಕಬೇಕು ಕಣ್ಲಾ. ಅದು ಗೇಯ್ದ್ರೆ ಇವ್ಳು ಕೂತ್ಕಳ್ಲಿ. ಇವ್ಳ ಕೆಲ್ಸ ನೀ ಮಾಡು."

ಮಂಟೇಸ್ವಾಮಿ ನಕ್ಕ. ಜಗತ್ತಿನ ರೋಗ ಓಡಿಸುವವನಿಗೆ ಒಂದು ದಿನದ ಅಡುಗೆ ಯಾವ ಲೆಕ್ಕ!

ಆ ಸೋಮವಾರ ಬಂತು. ರಂಜಿನಿ ಕಿಟಕಿ ಪಕ್ಕ ಕುರ್ಚಿ ಹಾಕಿಕೊಂಡು, ಕಾಲು ಚಾಚಿ, ವಾರಪತ್ರಿಕೆ ಬಿಡಿಸಿದಳು. ಮತ್ತೊಂದು ರಜೆ ಹಾಕಿದ್ದ ಮಂಟೇಸ್ವಾಮಿ ಸೊಂಟಕ್ಕೆ ಟವೆಲ್ ಬಿಗಿದ. ಮುದ್ದೆ ಗಂಟು ಗಂಟಾಯಿತು. ಬೇಳೆ ತಳ ಹಿಡಿಯಿತು. ಪಾತ್ರೆ ಮುಗಿಯಿತು ಎನ್ನುವಾಗ ಮತ್ತಷ್ಟು ಪಾತ್ರೆ ಹುಟ್ಟಿದವು! ನಡುವೆ ಓಡಿಬಂದು ಕಂಪ್ಯೂಟರು ನೋಡುವನು. ನೂರಕ್ಕೆ ತೊಂಬತ್ತೇಳು... ತೊಂಬತ್ತೆಂಟು... ಆಹಾ!

ಹಾಳಾದ ಸಾರಿಗೆ ಬದಲು ಚಟ್ನಿಯಾದರೂ ಆಗಲಿ ಎಂದು ಮಿಕ್ಸಿ ತಿರುಗಿಸಿದ. ಗರ್ರ್ ಎಂದದ್ದೇ ಕರೆಂಟು ಹೋಯಿತು. ಹಸಿವು ತಡೆಯದು, ಚಟ್ನಿ ನುಣ್ಣಗಾಗದು. ಕಂಪ್ಯೂಟರು ಮಾತ್ರ ಯುಪಿಎಸ್ಸಿನ ಕೃಪೆಯಿಂದ ಬುಸುಗುಟ್ಟುತ್ತಿತ್ತು. ಆ ಯುಪಿಎಸ್ಸಿನ ಬೆನ್ನಲ್ಲಿ ಇನ್ನೊಂದು ತೂತು ಖಾಲಿ ಇತ್ತು.

ಕಂಪ್ಯೂಟರು ತಜ್ಞ ಮಂಟೇಸ್ವಾಮಿ ಮಿಕ್ಸಿಯನ್ನು ಎತ್ತಿ ತಂದು, ತನ್ನ ಸ್ವಂತ ಕೈಯಿಂದ ಅಲ್ಲಿಗೆ ಸಿಕ್ಕಿಸಿ, ತಿರುಗಿಸಿದ.

ಯುಪಿಎಸ್ಸು ಕುಯ್ಯೋ ಎಂದು ಅರಚಿತು. ಠಪ್! ಪರದೆ ಕಪ್ಪಾಯಿತು. ಸುಟ್ಟ ವಾಸನೆ ಬಂತು. ಹಾರಿದ ಮುಚ್ಚಳದ ಜೊತೆ ಚಟ್ನಿ ಮೀಸೆಗೆ ಬಂತು.

"ನೋಡ್ದಾ? ಸ್ವಾಮಾರ ನೊಗ ಕಟ್ಟಿದ್ರೆ ಇಂಗೇಯಾ," ಎಂದರು ದೊಡ್ಡಮಲ್ಲಮ್ಮ.

ಮಂಟೇಸ್ವಾಮಿ ನೆಲಕ್ಕೆ ಕುಕ್ಕರಿಸಿದ. ಆಮೇಲೆ ಎದ್ದು, ಹಿತ್ತಿಲಿಗೆ ಹೋಗಿ ಹೊಲಿಗೆ ಮಿಶಿನ್ನನ್ನು ಎತ್ತಿ ತಂದ. ಅವನ ಮುಖ ನೋಡಿ ರಂಜಿನಿಗೆ ಕರುಳು ಚುರ್ರೆಂದಿತು. ಸೆರಗಿನ ತುದಿಯಿಂದ ಅವನ ಮೀಸೆ ಒರೆಸಿದಳು.

"ಅಟ್ಟಕ್ಕೇನೂ ಬ್ಯಾಡ ಬುಡಿ. ಸ್ವಲ್ಪ ಒತ್ತರಿಸಿದ್ರೆ ಎರಡೂ ಹಿಡಿಸ್ತವೆ. ಯುಗಾದಿ ಆದ್ಮೇಲೆ ರಿಪೇರಿ ಮಾಡ್ಸಿ ಇನ್ನೊಂದು ಲೆಕ್ಕ ತರ್ಸಿ. ಆದ್ರೆ ಸೋಮವಾರ ಅದಕ್ಕೂ ರಜ, ನಂಗೂ ರಜ!"

"ಆಯ್ತು," ಎಂದ ಮಂಟೇಸ್ವಾಮಿ ಕೃತಜ್ಞತೆಯಿಂದ. ಆಮೇಲೆ ಹೊಳೆಯಿತು. "ಮತ್ತೆ... ನಂಗೆ?"

ದೊಡ್ಡಮಲ್ಲಮ್ಮ ಎಲೆಗೆ ಸುಣ್ಣ ಸವರುತ್ತಾ ತಲೆಯನ್ನೂ ಎತ್ತಲಿಲ್ಲ.

"ನಿಂಗ್ಯಾಕ್ಲಾ? ನಿಂಗೆ ಆಪೀಸ್ನೋರು ಆಗ್ಲೇ ಬಾನುವಾರ ಕೊಟ್ಟವ್ರಲ್ಲ!"