ಖಾಯಂ ವಿದ್ಯಾರ್ಥಿಯ ಮೌಖಿಕ ಪರೀಕ್ಷೆ

ತರಗತಿಯಲ್ಲಿ ಒಬ್ಬನೇ ವಿದ್ಯಾರ್ಥಿ ಇದ್ದರೆ ಒಂದು ತೊಂದರೆ: ಅವನು ಫೇಲಾದರೆ ಇಡೀ ತರಗತಿ ಫೇಲು. ಚೀನಾ ಮೇಷ್ಟ್ರ ತರಗತಿ ಹೀಗೆ ಕಳೆದ ವರ್ಷವೂ, ಅದರ ಹಿಂದಿನ ವರ್ಷವೂ ಸಾರಾಸಗಟಾಗಿ ಫೇಲಾಗಿತ್ತು.

ಮೇಷ್ಟ್ರು ಚೀನಾ ನೋಡಿದವರೇನೂ ಅಲ್ಲ. ವಿಶ್ವವಿದ್ಯಾಲಯದಲ್ಲಿ ಚೀನಾದ ಇತಿಹಾಸ ಮತ್ತು ಸಂಸ್ಕೃತಿ ಪಾಠ ಮಾಡುತ್ತಿದ್ದರು, ಅಷ್ಟೇ. ಮೆಟ್ಟಿಲ ಕೆಳಗಿನ ಸಂದಿಯಿಂದ ಮುರಿದ ಬೆಂಚುಗಳನ್ನು ತೆಗೆಸಿ ಅವರಿಗೆ ಕೋಣೆ ಅಂತ ಮಾಡಿಕೊಟ್ಟಿದ್ದರು. ಯಾರಾದರೂ ಮೆಟ್ಟಿಲು ಹತ್ತಿದರೆ ತಲೆಯ ಮೇಲೆ ಧಡಧಡ ಸದ್ದಾಗುತ್ತಿತ್ತು. ಆ ಸದ್ದು ಅವರಿಗೆ ಇಷ್ಟ. ಯಾರೋ ಬಂದ ಹಾಗಿರುತ್ತಿತ್ತು.

ಮದುವೆಯಾಗದ ಜೀವ. ಮನೆಯಲ್ಲಿ ಮಾತಾಡಿಸುವವರಿಲ್ಲ. ಮಾತು ಅಂತ ಆಡುತ್ತಿದ್ದದ್ದು ಒಬ್ಬನ ಜೊತೆ, ಫೇಲಾಗಿ ಫೇಲಾಗಿ ‘ಖಾಯಂ’ ಎಂದು ಹೆಸರಾದ ಆ ಉದ್ದನೆಯ ಹುಡುಗನ ಜೊತೆ. ಪಾಠ ಮುಗಿದ ಮೇಲೂ ಸಂಜೆಯವರೆಗೆ ಕೂತು, ಫ್ಲಾಸ್ಕಿನ ಚಹಾ ಕುಡಿಯುತ್ತ, ರಾಜವಂಶಗಳ ಕತೆಯನ್ನೆಲ್ಲ ಅವನು ಕೇಳುತ್ತಿದ್ದ. ಇಷ್ಟು ಕೇಳಿಸಿಕೊಂಡವನ ತಲೆಯಲ್ಲಿ ಒಂದಕ್ಷರವೂ ನಿಲ್ಲುವುದಿಲ್ಲವಲ್ಲ ಎಂಬುದು ಮೇಷ್ಟ್ರಿಗೆ ಬಿಡಿಸಲಾಗದ ಒಗಟಾಗಿತ್ತು.

ಈ ವರ್ಷದ ಮೌಖಿಕ ಪರೀಕ್ಷೆಯ ದಿನ ಬೆಳಿಗ್ಗೆ ಖಾಯಂನ ತಾಯಿ ಫೋನು ಮಾಡಿದರು.

“ಬೇರೆ ಎಲ್ಲದರಲ್ಲೂ ಫಸ್ಟ್ ಕ್ಲಾಸು ಸಾರ್. ನಿಮ್ಮದೊಂದೇ ಬಾಕಿ. ಪಾಸಾದ್ರೆ ಅವನ ಮಾವನ ಪ್ರೆಸ್ಸಲ್ಲಿ ಕೆಲಸ ಕಾದಿದೆ. ಮಾವ ಇನ್ನೆಷ್ಟು ದಿನ ಕಾಯ್ತಾನೆ ಹೇಳಿ.”

ಬೇರೆಲ್ಲದರಲ್ಲಿ ಫಸ್ಟ್ ಕ್ಲಾಸ್ ಎಂದು ಕೇಳಿ ಮೇಷ್ಟ್ರಿಗೆ ಮೊದಲು ಹೆಮ್ಮೆಯಾಯಿತು. ತಮ್ಮ ವಿಷಯ ಅಷ್ಟು ಕಷ್ಟದ್ದು ಅಂತಾಯಿತಲ್ಲ. ಆಮೇಲೆ ಇನ್ನೊಂದು ಹೊಳೆಯಿತು. ಪಾಸು ಮಾಡಿದರೆ ಹುಡುಗ ಹೊರಟುಹೋಗುತ್ತಾನೆ. ಫೇಲು ಮಾಡಿದರೆ ಇನ್ನೊಂದು ವರ್ಷ ಚಹಾಕ್ಕೆ ಜೊತೆಯಿರುತ್ತಾನೆ. ಅವನ ಉತ್ತರಗಳಿಗೆ ಫೇಲು ಮಾಡುವುದೇ ನ್ಯಾಯ. ಆದರೆ ಆ ನ್ಯಾಯ ತಮಗೆ ಇಷ್ಟೊಂದು ಅನುಕೂಲವಾಗಿರುವುದು ಕಂಡು ಅವರಿಗೆ ನಾಚಿಕೆಯಾಯಿತು. ತಮ್ಮ ಒಂಟಿತನಕ್ಕೆ ಒಬ್ಬ ಹುಡುಗನ ಬಾಳು ಒತ್ತೆಯಿಡಬಾರದು, ಏನಾದರಾಗಲಿ ಇವತ್ತು ಪಾಸು ಮಾಡುವುದೇ ಸೈ ಎಂದು ನಿರ್ಧರಿಸಿ ಮನೆ ಬಿಟ್ಟರು.

ವಿಶ್ವವಿದ್ಯಾಲಯದಲ್ಲಿ ಮಾತ್ರ ಎಲ್ಲರೂ ಬೇರೆಯೇ ರಾಗ ಎಳೆದರು. ಎಂದೂ ತಲೆಯೆತ್ತಿ ನೋಡದ ಭೂಗೋಳದ ಮೇಡಂ ಗೇಟಿನಲ್ಲೇ ಹಿಡಿದುಕೊಂಡರು.

“ಮಟ್ಟ ಬಿಟ್ಟುಕೊಡಬೇಡಿ ಸಾರ್. ಚೀನಾ ಅಂದ್ರೆ ಸಾಮಾನ್ಯಾನಾ? ಗೊತ್ತಿಲ್ದೋರನ್ನ ನಿರ್ದಾಕ್ಷಿಣ್ಯವಾಗಿ ಫೇಲ್ ಮಾಡಿ.”

ಲೈಬ್ರರಿಯವನು ಎದ್ದು ಬಂದು ಕೈ ಹಿಡಿದ. “ನಿಮ್ಮ ವಿಷಯದ ಮರ್ಯಾದೆ ನಿಮ್ಮ ಕೈಲಿದೆ.”

ತಮ್ಮ ವಿಷಯಕ್ಕೆ ಇಷ್ಟು ಜನ ಅಭಿಮಾನಿಗಳಿದ್ದಾರೆಂದು ಮೇಷ್ಟ್ರಿಗೆ ಅಂದೇ ಗೊತ್ತಾದದ್ದು. ಕಣ್ಣು ತುಂಬಿ ಬಂತು. ಆದರೂ ನಿರ್ಧಾರ ಬದಲಿಸಲಿಲ್ಲ.

ಎರಡನೇ ಪರೀಕ್ಷಕರಾಗಿ ಬಂದವರು ಅರ್ಥಶಾಸ್ತ್ರದ ಮೇಷ್ಟ್ರು, ಹಾಸ್ಟೆಲ್ಲಿನ ವಾರ್ಡನ್ ಕೂಡ. ಖಾಯಂ ಒಳಗೆ ಬಂದು ಆರಾಮವಾಗಿ ಕಾಲು ಚಾಚಿ ಕೂತ.

“ಮಹಾಗೋಡೆ ಯಾಕೆ ಕಟ್ಟಿದರು?” ಎಂದು ಶುರು ಮಾಡಿದರು ಚೀನಾ ಮೇಷ್ಟ್ರು.

“ಪಕ್ಕದ ಮನೆಯವರ ಕಾಟಕ್ಕೆ.”

ವಾರ್ಡನ್ ತೃಪ್ತಿಯಿಂದ ಸೊನ್ನೆ ಬರೆಯಲು ಪೆನ್ನು ತೆಗೆದರು.

“ಸರಿಯಾದ ಉತ್ತರ,” ಅಂದರು ಮೇಷ್ಟ್ರು. “ಉತ್ತರ ದಿಕ್ಕಿನ ನೆರೆಯವರ ಕಾಟ. ದಿಕ್ಕು ಒಂದು ಬಿಟ್ಟಿದ್ದಾನೆ. ಮೊದಲ ಚಕ್ರವರ್ತಿಯ ಸಮಾಧಿ ಹತ್ತಿರ ಅಗೆದಾಗ ಏನು ಸಿಕ್ಕಿತು?”

ಹುಡುಗ ಕಾಲು ಹಿಂದಕ್ಕೆಳೆದುಕೊಂಡ. “ಅಗೆದ್ರೆ ಇನ್ನೇನು ಸಿಗುತ್ತೆ ಸಾರ್, ಮಣ್ಣು.”

“ಮಣ್ಣೇ. ಮಣ್ಣಿನ ಸೈನಿಕರು. ಸೈನಿಕರು ಅನ್ನೋದು ವಿವರ, ಮೂಲ ವಸ್ತು ಹೇಳಿದ್ದಾನೆ.”

“ರೀ, ಇದು ತಪ್ಪಲ್ವಾ?” ವಾರ್ಡನ್ ಅರ್ಧ ಎದ್ದರು.

“ನೀವು ಅರ್ಥಶಾಸ್ತ್ರ. ಕೂತ್ಕೊಳ್ಳಿ. ಕಾಗದ ಕಂಡುಹಿಡಿದದ್ದರಿಂದ ಏನಾಯಿತು?”

“ಪರೀಕ್ಷೆ ಅನ್ನೋ ಪೀಡೆ ಶುರುವಾಯಿತು,” ಅಂದ ಹುಡುಗ ಹತಾಶನಾಗಿ.

ಮೇಷ್ಟ್ರು ಮೇಜು ಕುಟ್ಟಿದರು. “ಅಧಿಕಾರಿಗಳನ್ನು ಆರಿಸುವ ಪರೀಕ್ಷೆ! ಜನ ತಲೆ ನರೆಯೋವರೆಗೆ ಬರೀತಿದ್ದರು. ಇದನ್ನ ನಾನೇ ಇಷ್ಟು ಚೆನ್ನಾಗಿ ಹೇಳಿರಲಿಲ್ಲ.”

ಹುಡುಗ ಬೆವರತೊಡಗಿದ. ಮುಂದಿನ ಪ್ರಶ್ನೆಗಳಿಗೆಲ್ಲ ‘ಗೊತ್ತಿಲ್ಲ’ ಎಂದು ಬಾಯಿ ಹೊಲಿದುಕೊಂಡ. ಗೊತ್ತಿಲ್ಲದ್ದನ್ನು ಒಪ್ಪಿಕೊಳ್ಳುವುದು ಚೀನಾದವರು ಮೆಚ್ಚುವ ಗುಣ, ಇದು ಸಂಸ್ಕೃತಿಯ ಪರೀಕ್ಷೆಯೂ ಹೌದು ಎಂದು ಮೇಷ್ಟ್ರು ಅದಕ್ಕೂ ಅಂಕ ಕೊಟ್ಟರು. ಪಾಸು ಎಂದು ಬರೆದು, ಮನಸ್ಸು ಬದಲಾಗುವ ಮೊದಲೇ ಜವಾನನ ಕೈಗೆ ಕೊಟ್ಟು ಕಳಿಸಿದರು. ವಾರ್ಡನ್ ತಲೆ ಹಿಡಿದುಕೊಂಡು ಹೊರಗೆ ಹೋದರು.

“ಹೋಗು ಮಗಾ. ಮಾವನ ಹತ್ತಿರ ಕೆಲಸಕ್ಕೆ ಸೇರ್ಕೋ,” ಅಂದರು ಮೇಷ್ಟ್ರು.

“ಏನ್ ಸಾರ್ ಹೀಗ್ ಮಾಡಿಬಿಟ್ರಿ,” ಅಂದ ಹುಡುಗ ಅಳುವ ದನಿಯಲ್ಲಿ. ಆಮೇಲೆ ಸಿಟ್ಟಿನಿಂದ ಚಿನ್, ಹಾನ್, ತಾಂಗ್, ಸೋಂಗ್, ಮಿಂಗ್ ಮುಂತಾದ ರಾಜವಂಶಗಳನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದ. ಯಾರ ಕಾಲದಲ್ಲಿ ಎಷ್ಟು ಗೋಡೆ ಎದ್ದಿತು ಎಂಬುದನ್ನೂ ಹೇಳಿದ. ಒಂದೂ ತಪ್ಪಿರಲಿಲ್ಲ.

ಮೇಷ್ಟ್ರು ಬೆಪ್ಪಾದರು. “ಎಲ್ಲಾ ಗೊತ್ತಿದ್ದೂ ಯಾಕಪ್ಪಾ?”

“ವಾರ್ಡನ್ ಸಾರ್ ಹೇಳಿದ್ರು. ಫೇಲಾಗ್ತಾ ಇರೋವರೆಗೂ ಕಿಟಕಿ ಇರೋ ಸಿಂಗಲ್ ರೂಮು ನಂದು ಅಂತ. ನಾನೊಬ್ಬ ಪಾಸಾದ್ರೆ ಈ ಕೋರ್ಸ್ ಮುಚ್ತಾರೆ. ಮುಚ್ಚಿದ್ರೆ ನೀವು ಹೋಗಿ ಸ್ಟಾಫ್ ರೂಮಲ್ಲಿ ಕೂರ್ತೀರಿ.” ಹುಡುಗ ನೆಲ ನೋಡಿದ. “ನೀವು ಮಾತು ಶುರು ಮಾಡಿದ್ರೆ ನಿಲ್ಲಿಸಲ್ಲ ಅಂತ ಅವರಿಗೆಲ್ಲ ಭಯ ಸಾರ್.”

ಮೇಷ್ಟ್ರು ಫ್ಲಾಸ್ಕನ್ನು ಪಕ್ಕಕ್ಕೆ ಸರಿಸಿದರು. “ಅದಿರಲಿ. ಸಂಜೆ ಕೂತ್ಕೊಂಡು ಕತೆ ಕೇಳ್ತಿದ್ದೆಯಲ್ಲ, ಅದು?”

“ಅವರೆಲ್ಲ ಮನೆಗೆ ಹೋಗೋವರೆಗೂ ನಿಮ್ಮನ್ನ ಇಲ್ಲೇ ಕೂರಿಸ್ಕೋ ಅಂದಿದ್ರು.”

ಹುಡುಗ ಸಾಮಾನು ಕಟ್ಟಲು ಹಾಸ್ಟೆಲ್ಲಿಗೆ ಹೋದ. ಮೇಷ್ಟ್ರಿಗೆ ನೋವಾಯಿತು. ಯಾರ ಮೇಲೆ ಸಿಟ್ಟಾಗಬೇಕೆಂದು ತಿಳಿಯಲಿಲ್ಲ. ಅಷ್ಟರಲ್ಲಿ ಜವಾನ ಬೀಗ ಹಿಡಿದು ಬಂದ. ಕೋರ್ಸು ಮುಗಿಯಿತಂತೆ, ಕೋಣೆ ಬಿಡಬೇಕಂತೆ.

ಸ್ಟಾಫ್ ರೂಮಿನಲ್ಲಿ ಒಂದೇ ಒಂದು ಕುರ್ಚಿ ಖಾಲಿಯಿತ್ತು. ಮೇಷ್ಟ್ರು ಅದರ ತುದಿಯಲ್ಲಿ ಕೂತರು. ಒಂದು ಮಾತೂ ಆಡಬಾರದೆಂದು ಹಲ್ಲು ಕಚ್ಚಿಕೊಂಡಿದ್ದರು. ಆದರೆ ಎಲ್ಲರ ಮುಂದೆ ಚಹಾದ ಲೋಟಗಳಿದ್ದವು, ಕೋಣೆ ಬೆಚ್ಚಗಿತ್ತು, ಇಷ್ಟು ಜನರ ನಡುವೆ ಅವರು ಕೂತು ಎಷ್ಟೋ ಕಾಲವಾಗಿತ್ತು.

“ಈ ಚಹಾ ಇದೆಯಲ್ಲ,” ಅಂದರು ಮೆಲ್ಲಗೆ, “ಮೊದಮೊದಲು ಚೀನಾದಲ್ಲಿ ಇದನ್ನ ಔಷಧಿ ಅಂತ...”

“ನನಗೆ ಕ್ಲಾಸಿದೆ,” ಎಂದು ವಾರ್ಡನ್ ಎದ್ದರು. ಭೂಗೋಳದ ಮೇಡಂಗೂ ಕ್ಲಾಸಿತ್ತು. ಒಬ್ಬೊಬ್ಬರಾಗಿ ಎಲ್ಲರಿಗೂ ಕ್ಲಾಸಿತ್ತು.

ಅಂದು ಇಡೀ ವಿಶ್ವವಿದ್ಯಾಲಯಕ್ಕೆ ಪರೀಕ್ಷೆ. ಯಾರಿಗೂ ಕ್ಲಾಸಿರಲಿಲ್ಲ.