ಕರಡಿ ಮಾಸ್ಟರ ಕಾಣೆಯಾದ ನಗು

ಧೂಳು ಒರೆಸಲು ಹೋಗದಿದ್ದರೆ ಏನೂ ಆಗುತ್ತಿರಲಿಲ್ಲ. ಆರು ತಿಂಗಳು ಮುಟ್ಟದೆ ಇಟ್ಟಿದ್ದ ಪೆಟ್ಟಿಗೆಯನ್ನು ಇನ್ನೊಂದು ದಿನ ಮುಟ್ಟದೆ ಬಿಟ್ಟಿದ್ದರೆ ಬೀಗಪ್ಪನ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ಗ್ರಹಚಾರ ಕೆಟ್ಟವನಿಗೆ ಅವತ್ತೇ ಶುಚಿತ್ವದ ಮೇಲೆ ಪ್ರೀತಿ ಹುಟ್ಟುತ್ತದೆ ನೋಡಿ.

ಬೀಗಪ್ಪ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಊಟದ ಡಬ್ಬಿಗೂ ಬೀಗ ಹಾಕುವ ಮನುಷ್ಯನಿಗೆ ಆಫೀಸಿನವರು ಇನ್ನೇನೆಂದು ಹೆಸರಿಟ್ಟಾರು? ಅವನಿಗೆ ಎಲ್ಲರ ಮೇಲೂ ಅನುಮಾನ. ಎದುರಿಗೆ ಬಂದವರು ನಕ್ಕರೆ ‘ಇವನಿಗೆ ಏನೋ ಬೇಕು’ ಎಂದುಕೊಳ್ಳುತ್ತಿದ್ದ. ನಗದೆ ಹೋದರೆ ‘ಇವನು ಆಗಲೇ ಏನೋ ಎತ್ತಿಕೊಂಡಿದ್ದಾನೆ’ ಎಂದುಕೊಳ್ಳುತ್ತಿದ್ದ. ಇಂಥವನೇ ಸರಿ ಎಂದು ಯಜಮಾನರು ಅವನನ್ನು ಹಳೆ ಸಾಮಾನಿನ ಕೋಣೆ ಕಾಯಲು ಹಾಕಿಕೊಂಡಿದ್ದರು. ಕೆಲಸ ಮಾತ್ರ ಇನ್ನೂ ತಾತ್ಕಾಲಿಕ.

ಆ ಕಂಪನಿ ಒಂದು ಕಾಲದಲ್ಲಿ ಟಿವಿಗೆ ಮಕ್ಕಳ ಧಾರಾವಾಹಿ ತೆಗೆಯುತ್ತಿತ್ತು. ಅಂಗಡಿಯಲ್ಲಿ ಮಾರುವ ಗೊಂಬೆಗಳೇ ಅದರಲ್ಲಿ ಪಾತ್ರಗಳು: ಕರಡಿ ಸ್ಟೇಷನ್ ಮಾಸ್ಟರ್, ಛತ್ರಿ ಹಿಡಿದ ಮೊಲದಮ್ಮ, ಪೆಟ್ಟಿಗೆ ಹೊರುವ ಆನೆ. ಗೊಂಬೆಗೆ ಮಾತು ಬರಿಸುವುದೇನು ಹುಡುಗಾಟವೇ? ಒಂದು ಬಾಯಿ ಅಂಟಿಸಿ ಒಂದು ಫೋಟೋ ತೆಗೆಯಬೇಕು, ಅದನ್ನು ಕಿತ್ತು ಇನ್ನೊಂದು ಬಾಯಿ ಅಂಟಿಸಿ ಇನ್ನೊಂದು ಫೋಟೋ. ಹೀಗಾಗಿ ಪ್ರತಿ ಗೊಂಬೆಗೂ ಬಾಯಿಗಳದೇ ಒಂದು ಪೆಟ್ಟಿಗೆ ಇತ್ತು. ಒಳಗೆ ಸಾಲಾಗಿ ಪುಟ್ಟ ಪುಟ್ಟ ಗೂಡುಗಳು, ಪ್ರತಿ ಗೂಡಿನ ಕೆಳಗೆ ಅಳು, ಕೋಪ, ಆಕಳಿಕೆ, ಆಶ್ಚರ್ಯ ಎಂದು ಅಚ್ಚು ಹಾಕಿದ ಚೀಟಿ.

ಈಗ ಗೊಂಬೆ ಕಂಪನಿಯವರು ಆ ಗೊಂಬೆಗಳನ್ನು ಮತ್ತೆ ಅಂಗಡಿಗೆ ತರುವವರಿದ್ದರು. ಅವರ ಕಡೆಯ ಮೇಡಂ ಅವತ್ತು ಸಂಜೆ ಬಂದು ಹಳೆಯ ಚಿತ್ರ, ರೀಲು, ಗೊಂಬೆ, ಬಾಯಿ ಎಲ್ಲವನ್ನೂ ನೋಡಬೇಕಿತ್ತು. ಎಲ್ಲ ಅಸಲಿ, ಎಲ್ಲ ಭದ್ರ ಎಂದು ಅವರು ಒಪ್ಪಿದರೆ ಕೋಣೆ ಉಳಿಯುತ್ತದೆ, ಬೀಗಪ್ಪನ ಕೆಲಸ ಖಾಯಂ ಆಗುತ್ತದೆ. ಒಪ್ಪದಿದ್ದರೆ ಕೋಣೆಯೂ ಖಾಲಿ, ಬೀಗಪ್ಪನೂ ಖಾಲಿ. ಮನೆಯಲ್ಲಿ ಹೆಂಡತಿ ಆಗಲೇ ತವರಿನವರಿಗೆಲ್ಲ ಫೋನು ಮಾಡಿ ‘ನಮ್ಮನೆಯವರದ್ದು ಖಾಯಂ ಆಯ್ತು’ ಎಂದು ಸಾರಿಬಿಟ್ಟಿದ್ದಳು.

ಸರಿ, ಬೀಗಪ್ಪ ಬೆಳಿಗ್ಗೆ ಬಂದವನೇ ಕರಡಿ ಮಾಸ್ಟರ ಪೆಟ್ಟಿಗೆಗೆ ತಾನೇ ಅಂಟಿಸಿದ್ದ ಟೇಪು ಕಿತ್ತ, ಬೀಗ ತೆಗೆದ, ಮುಚ್ಚಳ ಎತ್ತಿದ. ಎಲ್ಲ ಬಾಯಿಗಳೂ ಇದ್ದವು. ‘ನಗು’ ಎಂದು ಬರೆದಿದ್ದ ಗೂಡು ಮಾತ್ರ ಖಾಲಿ.

ಮೊಲದಮ್ಮನ ಪೆಟ್ಟಿಗೆ ತೆಗೆದ, ನಗು ಇತ್ತು. ಆನೆಯ ಪೆಟ್ಟಿಗೆ ತೆಗೆದ, ನಗು ಇತ್ತು. ಆನೆಯ ನಗುವನ್ನು ಕರಡಿಯ ಮುಖಕ್ಕೆ ಹಿಡಿದು ನೋಡಿದ, ಅದು ಒಂದು ಕಿವಿಯಿಂದ ಇನ್ನೊಂದು ಕಿವಿಯಾಚೆಗೂ ಹೋಯಿತು. ಮೊಲದ್ದು ಕರಡಿಯ ಮೂಗಿನ ಕೆಳಗೆ ಮೀಸೆಯ ಹಾಗೆ ಕೂತಿತು.

‘ಕಳ್ಳತನ!’ ಎಂದು ಬೀಗಪ್ಪ ತನಗೆ ತಾನೇ ಪಿಸುಗುಟ್ಟಿದ.

ಯಾರನ್ನಾದರೂ ಕೇಳಬಹುದಿತ್ತಲ್ಲ ಎನ್ನುತ್ತೀರಿ. ಎಲ್ಲಿ ಕೇಳುತ್ತಾನೆ ಮಾರಾಯ! ಏನು ಹೋಗಿದೆ ಎಂದು ಬಾಯಿಬಿಟ್ಟರೆ ಕಳ್ಳ ಎಚ್ಚರವಾಗುತ್ತಾನೆ, ಅದು ಒಂದು. ಯಜಮಾನರ ಕಿವಿಗೆ ಬಿದ್ದರೆ ಕೆಲಸ ಹೋಗುತ್ತದೆ, ಅದು ಎರಡು. ಇನ್ನೂ ಒಂದಿತ್ತು. ಕೆಲಸಕ್ಕೆ ಸೇರುವಾಗ ಯಜಮಾನರು, “ನಮ್ಮ ಧಾರಾವಾಹಿ ನೋಡಿದೀರೇನ್ರೀ?” ಎಂದು ಕೇಳಿದ್ದರು. “ಕರಡಿ ಮಾಸ್ಟರ್ ಅಂದ್ರೆ ನಂಗೆ ಪ್ರಾಣ ಸಾರ್, ಒಂದು ಕಂತೂ ಬಿಟ್ಟಿಲ್ಲ” ಎಂದು ಇವನು ಬಿಟ್ಟಿದ್ದ ಬುರುಡೆ. ನಿಜ ಹೇಳಬೇಕೆಂದರೆ ಅವನ ಅಪ್ಪ ಟಿವಿಯ ಬಾಗಿಲಿಗೂ ಬೀಗ ಜಡಿದು ಕೀಲಿಯನ್ನು ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದ ಪುಣ್ಯಾತ್ಮ. ಕೋಣೆಯಲ್ಲಿ ರೀಲುಗಳೇನೋ ಇದ್ದವು, ಆದರೆ ಅವನ್ನು ಓಡಿಸುವ ಯಂತ್ರ ಕೆಟ್ಟು ಎಷ್ಟೋ ವರ್ಷವಾಗಿತ್ತು. ಕರಡಿ ಮಾಸ್ಟರು ಗಂಡೋ ಹೆಣ್ಣೋ ಎನ್ನುವುದೂ ಬೀಗಪ್ಪನಿಗೆ ಟೋಪಿ ನೋಡಿಯೇ ಗೊತ್ತಾಗಿದ್ದು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಅವನು ಸುತ್ತುಬಳಸಿ ವಿಚಾರಣೆ ಶುರುಮಾಡಿದ.

ಮೊದಲು ಸಿಕ್ಕವನು ಬಣ್ಣದ ತಾತ. ಗೊಂಬೆಗಳಿಗೆ ಬಣ್ಣ ಬಳಿಯುತ್ತಿದ್ದ ಹಳೆ ಕೈ. ಈಗ ಮೂಲೆಯಲ್ಲಿ ಕೂತು ಅಂಗಡಿ ಬೋರ್ಡು ಬರೆಯುತ್ತಿದ್ದ.

“ಏನ್ ತಾತ, ಮನೇಲಿ ಮೊಮ್ಮಕ್ಕಳು ಆಟ ಆಡ್ಕೊಂಡು ಚೆನ್ನಾಗಿದಾರಾ?”

ತಾತನ ಕುಂಚ ನಿಂತಿತು. ಆರು ತಿಂಗಳಲ್ಲಿ ಈ ಮನುಷ್ಯ ಯಾರ ಕ್ಷೇಮವನ್ನೂ ವಿಚಾರಿಸಿದವನಲ್ಲ. “ಇದಾರೆ. ಯಾಕೆ?”

“ಸುಮ್ನೆ ಕೇಳ್ದೆ. ಏನಿಟ್ಕೊಂಡು ಆಡ್ತಾರೆ?”

“ಅವ್ರು ಏನಿಟ್ಕೊಂಡ್ ಆಡಿದ್ರೆ ನಿಂಗೇನಪ್ಪಾ?” ಎಂದ ತಾತ. ಕಿವಿ ಕೆಂಪಗಾಯಿತು.

‘ಹಾಂ’ ಎಂದು ಬೀಗಪ್ಪ ಮನಸ್ಸಿನಲ್ಲೇ ಗುರುತು ಹಾಕಿಕೊಂಡ.

ಅಕೌಂಟ್ಸ್ ಅಕ್ಕ ಊರಿಗೆಲ್ಲ ಉಪದೇಶ ಹೇಳುವ ಹೆಂಗಸು. ಬೀಗಪ್ಪ ಅವಳ ಮೇಜಿನ ಸುತ್ತ ಎರಡು ಸಲ ಸುತ್ತಿದ್ದನ್ನು ನೋಡಿ ಅವಳೇ ಕೇಳಿದಳು: “ಏನ್ರೀ ಅದು, ನನ್ ಬ್ಯಾಗನ್ನ ಹಾಗೆ ನೋಡ್ತೀರಾ?”

“ದೊಡ್ಡ ಬ್ಯಾಗು ಅಂತ ನೋಡ್ದೆ ಅಕ್ಕ. ಬೇಕಾದಷ್ಟು ಹಿಡಿಯುತ್ತೆ ಅಲ್ವಾ?”

ಅಕ್ಕ ಬ್ಯಾಗನ್ನು ತೊಡೆಯ ಮೇಲಕ್ಕೆ ಎಳೆದುಕೊಂಡಳು. “ನಿಮ್ಗೆ ಯಾರಾದ್ರೂ ಏನಾದ್ರೂ ಹೇಳಿದಾರಾ? ಆ ಡ್ರೈವರ್ ಹೇಳಿದ್ನಾ? ಮೊದ್ಲು ಅವನ ಕಾರಿನ ಡಿಕ್ಕಿ ತೆಗೆಸಿ ನೋಡಿ, ಆಮೇಲೆ ನನ್ ಬ್ಯಾಗಿಗೆ ಬನ್ನಿ!”

ಡ್ರೈವರು ಡಿಕ್ಕಿಯ ಹೆಸರೆತ್ತಿದ ಕೂಡಲೇ ಅದರ ಮೇಲೇ ಕೂತುಬಿಟ್ಟ. “ಸ್ಟೆಪ್ನಿ ಬಿಟ್ರೆ ಏನಿಲ್ಲ ಸಾರ್. ನೀವು ತಾತನ್ನ ಕೇಳಿದ್ರಾ? ಆ ವಯಸ್ಸಿಗೆ ಅಷ್ಟು ದೊಡ್ಡ ಚೀಲ ಯಾಕ್ ಬೇಕು ಹೇಳಿ.”

ಬೀಗಪ್ಪನಿಗೆ ತಲೆ ಕೆಟ್ಟುಹೋಯಿತು. ಮೂವರಲ್ಲಿ ಒಬ್ಬ ಕಳ್ಳನೆಂದು ಅವನು ಹೊರಟಿದ್ದ. ನೋಡಿದರೆ ಮೂವರ ಮುಖವೂ ಕದ್ದವರ ಮುಖವೇ. ಕಡೆಗೆ ಎಲ್ಲರನ್ನೂ ಕರೆದು ಗಂಟಲು ಸರಿಮಾಡಿಕೊಂಡ.

“ನೋಡಿ, ನನ್ ಕೋಣೆಯಿಂದ ಒಂದು ವಸ್ತು ಹೋಗಿದೆ. ಏನು ಅಂತ ಹೇಳಲ್ಲ. ತಗೊಂಡೋರಿಗೆ ಗೊತ್ತಿದೆ. ಊಟದ ಹೊತ್ತಲ್ಲಿ ನಾನು ಬಾಗಿಲಿಗೆ ಬೀಗ ಹಾಕಲ್ಲ, ಇತ್ತ ತಲೆ ಹಾಕಿಯೂ ಮಲಗಲ್ಲ. ತಂದು ಮೇಜಿನ ಮೇಲಿಟ್ರೆ ಆಯ್ತು. ಯಾರು ಅಂತ ಕೇಳಲ್ಲ, ಯಜಮಾನರಿಗೂ ಹೇಳಲ್ಲ.”

ಬೀಗಪ್ಪ ಬೀಗ ಹಾಕುವುದಿಲ್ಲ ಎಂದದ್ದು ಕೇಳಿ ಮೂವರೂ ನಡುಗಿಹೋದರು. ವಿಷಯ ಬಹಳ ದೂರ ಹೋಗಿದೆ ಎಂದು ಅವರಿಗೆ ಆಗಲೇ ಖಾತ್ರಿಯಾಯಿತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಗಾದೆಯಲ್ಲಿ ಒಬ್ಬನೇ. ಇಲ್ಲಿ ಇಡೀ ಆಫೀಸೇ ಹೆಗಲು ಮುಟ್ಟಿಕೊಂಡಿತು. ಬೀಗಪ್ಪ ಊಟ ಮುಗಿಸಿ ಬಂದು ನೋಡುತ್ತಾನೆ, ಮೇಜಿನ ಮೇಲೆ ಸಂತೆ! ಮೊಲದಮ್ಮನ ಛತ್ರಿ ಇತ್ತು. ಆನೆಯ ಒಂದು ಕಿವಿ ಇತ್ತು. ಅಂಗೈಯಷ್ಟು ರೈಲಿನ ಸಿಗ್ನಲ್ ಕಂಬ, ಸ್ಟೇಷನ್ನಿನ ಗಂಟೆ, ಯಾರದೋ ಮನೆಯ ಗೋಡೆಯ ಮೊಳೆಯಿಂದ ಈಗತಾನೆ ಇಳಿಸಿದ ಹಾಗಿದ್ದ ಚೌಕಟ್ಟು ಹಾಕಿದ ಚಿತ್ರಗಳು, ಒಂದು ಇಡೀ ರೈಲು ಡಬ್ಬಿ. ರೈಲು ಡಬ್ಬಿಯೊಳಗೆ ಯಾರದೋ ಮಗುವಿನ ಹಲ್ಲುಜ್ಜುವ ಬ್ರಷ್ಷೂ ಇತ್ತು. ಎಲ್ಲಕ್ಕಿಂತ ಮೇಲೆ, ಯಜಮಾನರ ಕೋಣೆಯ ಅಲಮಾರಿನಲ್ಲಿ ಇಷ್ಟು ದಿನ ಮಿನುಗುತ್ತಿದ್ದ ಸ್ಟೇಷನ್ ಮಾಸ್ಟರ ಪುಟ್ಟ ಹಿತ್ತಾಳೆ ಲಾಟೀನು, ಕರವಸ್ತ್ರದಲ್ಲಿ ಸುತ್ತಿ ಇಟ್ಟಿತ್ತು. ಮಾತು ಗೋಡೆ ದಾಟಿ ಅಲ್ಲಿಗೂ ಹೋಗಿತ್ತು ಅನ್ನಿ.

ಎಲ್ಲ ಬಂದಿತ್ತು. ನಗು ಮಾತ್ರ ಬಂದಿರಲಿಲ್ಲ.

‘ಎಷ್ಟು ಗಟ್ಟಿ ಕಳ್ಳನಪ್ಪಾ!’ ಎಂದು ಬೀಗಪ್ಪ ತಲೆಯ ಮೇಲೆ ಕೈಹೊತ್ತು ಕೂತ. ಅಷ್ಟರಲ್ಲಿ ಹೆಂಡತಿಯ ಫೋನು.

“ರೀ, ನಮ್ಮಣ್ಣ ಕೇಳ್ತಿದಾನೆ, ಆರ್ಡರ್ ಕೈಗೆ ಬಂತಾ ಅಂತ.”

“ಸಂಜೆ ಬರುತ್ತೆ.”

“ಬರುತ್ತೆ ತಾನೇ? ನಾನು ಎಲ್ಲಾರ್ಗೂ ಹೇಳ್ಬಿಟ್ಟಿದೀನಿ. ಆಮೇಲೆ ನಂಗೆ ಮುಖ ಎತ್ಕೊಂಡು ಓಡಾಡಕ್ಕಾಗಲ್ಲ.”

“ಬರುತ್ತೆ ಅಂದ್ನಲ್ಲೇ!” ಎಂದು ರೇಗಿ ಫೋನಿಟ್ಟ. ಕಿಟಕಿಯಾಚೆ ಎದುರು ಬೀದಿಯಲ್ಲಿ ಒಂದು ಬೋರ್ಡು ಕಾಣಿಸಿತು: ‘ಇಲ್ಲಿ ಹಲ್ಲಿನ ಸೆಟ್ ಮಾಡಿಕೊಡಲಾಗುವುದು.’ ಬೀಗಪ್ಪ ಕರಡಿಯನ್ನು ಅಂಗಿಯೊಳಗೆ ಅವಿತಿಟ್ಟುಕೊಂಡು ಓಡಿದ.

ಹಲ್ಲಿನ ಸೆಟ್ಟಿನವನು ಕನ್ನಡಕ ಏರಿಸಿ ಕೇಳಿದ: “ಯಾರಿಗೆ ಸೆಟ್ಟು? ನಿಮ್ಗಾ, ತಂದೆಯವ್ರಿಗಾ?”

ಬೀಗಪ್ಪ ಹಿಂದೆ ಮುಂದೆ ನೋಡಿ, ಬಾಗಿಲು ಓರೆ ಮಾಡಿ, ಅಂಗಿಯೊಳಗಿಂದ ಕರಡಿಯನ್ನು ತೆಗೆದ. “ಇವ್ರಿಗೆ.”

ಸೆಟ್ಟಿನವನು ಕರಡಿಯನ್ನು ನೋಡಿದ, ಬೀಗಪ್ಪನನ್ನು ನೋಡಿದ, ಇನ್ನೊಂದು ಸಲ ಕರಡಿಯನ್ನು ನೋಡಿದ. ಅವನಿಗೆ ಇಬ್ಬರ ಮೇಲೂ ಅನುಮಾನ ಬಂತು. “ಏನ್ ಸ್ವಾಮಿ, ಗಟ್ಟಿ ಪದಾರ್ಥ ಕಡೀತಾರಾ ಇವ್ರು?”

“ಕಡಿಯೋದು ಬೇಡ. ನಗಬೇಕು. ಅಷ್ಟೇ.”

“ಮುಗುಳ್ನಗೆಯೋ, ಹಲ್ಲು ಕಾಣ್ಬೇಕೋ?”

ಇದು ಬೀಗಪ್ಪನಿಗೆ ಗೊತ್ತಿರಲಿಲ್ಲ. ಮೇಡಂ ಖುಷಿಯಾಗಬೇಕು, ಕೆಲಸ ಖಾಯಂ ಆಗಬೇಕು ಎಂದು ಯೋಚಿಸಿ, “ಧಾರಾಳವಾಗಿ ಕಾಣ್ಲಿ” ಎಂದ.

ಕಸುಬುದಾರನ ಕೈ. ಗುಲಾಬಿ ಒಸಡು, ಅಕ್ಕಿಕಾಳಿನಂಥ ಹಲ್ಲು, ತುದಿಯಲ್ಲಿ ಚೂರು ಸೊಟ್ಟ. ಕರಡಿಯ ಮುಖಕ್ಕೆ ಹಿಡಿದರೆ ಮಗಳ ಮದುವೆ ನಿಶ್ಚಯವಾದ ಅಪ್ಪನ ಹಾಗೆ ಕಾಣುತ್ತಿತ್ತು. ಹೊಸತೆಂದು ಗೊತ್ತಾಗಬಾರದೆಂದು ಬೀಗಪ್ಪ ಅದನ್ನು ಕಿಟಕಿಯ ಧೂಳಿನಲ್ಲಿ ಹೊರಳಿಸಿ, ಟೀ ಲೋಟದಲ್ಲಿ ಅದ್ದಿ, ಅಂಗಿಯ ತುದಿಯಲ್ಲಿ ಒರೆಸಿ ಗೂಡಿನಲ್ಲಿಟ್ಟ. ಎಷ್ಟೋ ವರ್ಷದಿಂದ ಅಲ್ಲೇ ಇದ್ದ ಹಾಗೆ ಕೂತುಕೊಂಡಿತು. ಬೀಗಪ್ಪನಿಗೆ ಕಣ್ಣು ತುಂಬಿ ಬಂತು.

ಸಂಜೆ ಮೇಡಂ ಬಂದರು. ಬಿಳಿ ಕೈಗವಸು ತೊಟ್ಟುಕೊಂಡು ಒಂದೊಂದೇ ವಸ್ತುವನ್ನು ಬೆಳಕಿಗೆ ಹಿಡಿದು ನೋಡಿದರು. ಯಜಮಾನರು, ಅಕ್ಕ, ತಾತ, ಡ್ರೈವರು ಎಲ್ಲ ಗೋಡೆಗೆ ಒರಗಿ ನಿಂತಿದ್ದರು. ತಾವು ತಂದಿಟ್ಟದ್ದು ಮೇಡಂ ಕೈಗೆ ಬಂದಾಗಲೆಲ್ಲ ಒಬ್ಬೊಬ್ಬರೂ ಛಾವಣಿ ನೋಡುತ್ತಿದ್ದರು.

“ಬಹಳ ಸಂತೋಷ. ಇಷ್ಟೆಲ್ಲ ಉಳಿದಿರುತ್ತೆ ಅಂತ ನಾವು ಅಂದ್ಕೊಂಡೇ ಇರ್ಲಿಲ್ಲ,” ಎಂದರು ಮೇಡಂ. ಯಜಮಾನರು ಬೀಗಪ್ಪನ ಬೆನ್ನು ತಟ್ಟಿದರು. ಕೊನೆಗೆ ಮೇಡಂ ಕರಡಿ ಮಾಸ್ಟರ ಪೆಟ್ಟಿಗೆಯ ಮುಚ್ಚಳ ಎತ್ತಿದರು.

ಮೇಡಂ ಮುಖದ ನಗು ಹಾಗೇ ಆರಿಹೋಯಿತು.

“ಇದೇನಿದು?”

“ನಗು ಮೇಡಂ,” ಎಂದ ಬೀಗಪ್ಪ.

“ಅದು ಕಾಣ್ತಿದೆ. ಎಲ್ಲಿಂದ ಬಂತು?”

“ಎಲ್ಲಿಂದ ಬರುತ್ತೆ ಮೇಡಂ, ಮೊದಲಿಂದ್ಲೂ ಇಲ್ಲೇ ಇದೆ! ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿದೀನಿ.”

“ಕರಡಿ ಮಾಸ್ಟರ್ ಇಡೀ ಧಾರಾವಾಹೀಲಿ ಒಂದೇ ಒಂದು ಸಲಾನೂ ನಕ್ಕಿಲ್ಲ!” ಎಂದರು ಮೇಡಂ. “ಅವನನ್ನ ನಗಿಸಬಾರದು ಅಂತ ನಾವೇ ಷರತ್ತು ಹಾಕಿದ್ವಿ. ಅಂಗಡೀಲಿ ಮಾರೋ ಗೊಂಬೆ ಮುಖ ಊದಿಸ್ಕೊಂಡಿರುತ್ತೆ, ಟಿವೀಲಿ ನಕ್ಕರೆ ಮಕ್ಕಳು ಮನೇಲಿರೋ ಗೊಂಬೇನೂ ನಗ್ಲಿ ಅಂತ ಹಟ ಮಾಡಲ್ವಾ? ಪೆಟ್ಟಿಗೆಗಳು ಎಲ್ಲಾದಕ್ಕೂ ಒಂದೇ ಥರ ಮಾಡಿಸಿದ್ದು, ಅದಕ್ಕೆ ಚೀಟಿ ಇದೆ. ಆ ಗೂಡು ಯಾವಾಗ್ಲೂ ಖಾಲಿ. ಕರಡಿ ಮಾಸ್ಟರ್ ನೋಡಿದ ಯಾವ ಮಗೂಗಾದ್ರೂ ಇದು ಗೊತ್ತಿರುತ್ತೆ.”

ಬೀಗಪ್ಪ ಗೋಡೆಯ ಕಡೆ ನೋಡಿದ. ಅಕ್ಕ ತಲೆಯಾಡಿಸಿದಳು. ಡ್ರೈವರೂ ತಲೆಯಾಡಿಸಿದ. “ಅಯ್ಯೋ, ನಗದೇ ಇರೋದಕ್ಕೇ ಅಲ್ವೇನಪ್ಪಾ ಅದನ್ನ ನೋಡ್ತಿದ್ದದ್ದು,” ಎಂದ ಬಣ್ಣದ ತಾತ. “ಇವತ್ತಾದ್ರೂ ನಗ್ತಾನೇನೋ ಅಂತ ಮಕ್ಕಳು ಕಾಯ್ತಾ ಕೂರ್ತಿದ್ವು. ಬೆಳಿಗ್ಗೆ ಒಂದ್ ಮಾತು ಕೇಳಿದ್ರೆ ನಾನೇ ಹೇಳ್ತಿರ್ಲಿಲ್ವಾ?”

“ಅಂದ್ರೆ ಅಸಲಿ ಪೆಟ್ಟಿಗೆ ಯಾರೋ ಹೊಡೆದು, ಧಾರಾವಾಹಿ ನೋಡದೇ ಇರೋ ಯಾವನೋ ಮುಠ್ಠಾಳನ ಕೈಲಿ ನಕಲಿ ಮಾಡ್ಸಿ ಇಟ್ಟಿದಾರೆ,” ಎಂದು ಮೇಡಂ ಕೈಗವಸು ಕಳಚಿದರು. “ಒಂದು ನಕಲಿ ಇದ್ದ ಮೇಲೆ ಉಳಿದದ್ದನ್ನ ಹೇಗೆ ನಂಬೋದು? ಕಳ್ಳ ಯಾರು ಅಂತ ಗೊತ್ತಾಗೋವರೆಗೂ ನಾವೇನೂ ಒಪ್ಪಲ್ಲ.” ಅವರು ಹೊರಟೇಹೋದರು.

ಯಜಮಾನರು ಬೀಗಪ್ಪನ ಹತ್ತಿರ ಬಂದರು. ಬೀಗಪ್ಪ ಕಣ್ಣು ಮುಚ್ಚಿಕೊಂಡು ಏಟಿಗಾಗಿ ಕಾದ. ಆದರೆ ಯಜಮಾನರು ಅವನ ಹೆಗಲ ಮೇಲೆ ಕೈಯಿಟ್ಟರು.

“ನೀವು ಹೆದರ್ಬೇಡಿ. ಮೇಡಂ ಮುಂದೆ ಗಾಬರೀಲಿ ಏನೋ ಬಾಯಿಗೆ ಬಂದದ್ದು ಅಂದ್ಬಿಟ್ರಿ, ಅಷ್ಟೇ. ಒಂದು ಕಂತೂ ಬಿಡದೆ ನೋಡಿದೋರು ನೀವು, ನಿಮ್ಮ ಮೇಲೆ ನಂಗೆ ಅನುಮಾನ ಇಲ್ಲ. ಅದಕ್ಕೇ ಈ ಕೆಲಸ ನಿಮ್ಗೇ ಒಪ್ಪಿಸ್ತೀನಿ. ಆ ನಕಲಿ ನಗು ಮಾಡ್ಸಿದ ಕಳ್ಳನ್ನ ಹಿಡೀರಿ. ಹಿಡಿದ ದಿನ ನಿಮ್ಮ ಕೆಲಸ ಖಾಯಂ, ಆ ಕಳ್ಳ ಜೈಲಿಗೆ. ಅಲ್ಲೀವರೆಗೂ ತಾತ್ಕಾಲಿಕಾನೇ.”

ಬೀಗಪ್ಪನ ಗಂಟಲಲ್ಲಿ ಬಿಸಿ ತುಪ್ಪ ಸಿಕ್ಕಿಹಾಕಿಕೊಂಡ ಹಾಗಾಯಿತು. ನುಂಗುವಂತಿಲ್ಲ, ಉಗುಳುವಂತಿಲ್ಲ. “ಆಗ್ಲಿ ಸಾರ್” ಎಂದ.

ಯಜಮಾನರು ಹೋದದ್ದೇ ತಡ, ಅಕೌಂಟ್ಸ್ ಅಕ್ಕ ಕುರ್ಚಿ ಎಳೆದುಕೊಂಡು ಹತ್ತಿರ ಬಂದಳು. “ಹೇಳ್ರೀ, ಯಾರ ಮೇಲೆ ಅನುಮಾನ ನಿಮ್ಗೆ?”

“ನಂಗಾ? ನಂಗೆ ಯಾರ ಮೇಲೂ ಅನುಮಾನ ಇಲ್ಲಕ್ಕಾ,” ಎಂದ ಬೀಗಪ್ಪ. “ಎಲ್ಲಾರೂ ಒಳ್ಳೆಯವ್ರೇ.”

ಅಕ್ಕ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆರು ತಿಂಗಳಲ್ಲಿ ಮೊದಲ ಸಲ ಅವಳಿಗೆ ಬೀಗಪ್ಪನ ಮೇಲೆ ಅನುಮಾನ ಬಂತು.